ಮರಳು ತುಂಬಿದ ಫ್ಯೂಸು

ಮನೆಯ ದೀಪಗಳೆಲ್ಲ ಇದ್ದಕ್ಕಿದ್ದಂತೆ ಆರಿಹೋದಾಗ ‘ಫ್ಯೂಸು ಹೋಗಿರಬೇಕು’ ಎನ್ನುವುದು ವಾಡಿಕೆಯ ಮಾತು. ಬಾಗಿಲ ಬಳಿಯ ಹಲಗೆಯ ಮೇಲೆ ಪಿಂಗಾಣಿಯ ಹಿಡಿಕೆಯೊಂದು, ಅದರ ಎರಡು ತಿರುಪುಗಳ ನಡುವೆ ಕೂದಲಿನಂಥ ಒಂದು ತಂತಿ - ಫ್ಯೂಸು ಎಂದರೆ ಇಷ್ಟೇ ಎಂದು ಬಹುಮಂದಿ ತಿಳಿದಿರುತ್ತಾರೆ. ಇಂದು ಹಲವು ಮನೆಗಳಲ್ಲಿ ಅದರ ಸ್ಥಾನದಲ್ಲಿ ತಾನಾಗಿಯೇ ಕೆಳಗೆ ಬೀಳುವ ಎಂ.ಸಿ.ಬಿ. ಸ್ವಿಚ್ಚುಗಳಿವೆ. ಆದರೆ ಕಾರ್ಖಾನೆಗಳಲ್ಲಿಯೂ ದೊಡ್ಡ ಕಟ್ಟಡಗಳಲ್ಲಿಯೂ ಇಂದಿಗೂ ಫ್ಯೂಸು ನಂಬಿಕೆಯ ಕಾವಲುಗಾರನಾಗಿ ಉಳಿದಿದೆ. ಅಲ್ಲಿಯ ಫ್ಯೂಸು ನೋಟಕ್ಕೆ ಬೇರೆ. ಅದು ಪಿಂಗಾಣಿಯಿಂದ ಮಾಡಿದ ಒಂದು ಗಟ್ಟಿ ಕೊಳವೆ. ಎರಡು ತುದಿಗಳಿಗೂ ಲೋಹದ ಮುಚ್ಚಳಗಳು. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಒಡೆದು ನೋಡಿದರೆ ಒಳಗೆ ಒತ್ತಾಗಿ ತುಂಬಿದ ಮರಳು! ವಿದ್ಯುತ್ತಿಗೂ ಮರಳಿಗೂ ಎತ್ತಣ ಸಂಬಂಧ ಎಂಬ ಪ್ರಶ್ನೆ ಯಾರಿಗಾದರೂ ಏಳುವುದು ಸಹಜ. ಆ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಫ್ಯೂಸಿನ ತಂತಿ ಕರಗಿದ ಮೇಲೆ ಏನಾಗುತ್ತದೆ ಎಂಬುದನ್ನು ಅರಿಯಬೇಕು.

ಪ್ರವಾಹ ಹೆಚ್ಚಾದಾಗ ತಾನು ಕರಗಿ ಮಿಕ್ಕ ಮಂಡಲವನ್ನು ಉಳಿಸುವ ತಂತಿಯ ಕಲ್ಪನೆ ಹಳೆಯದು. ೧೮೪೭ರಲ್ಲಿಯೇ ಫ್ರಾನ್ಸಿನ ಲೂಯಿ ಬ್ರೆಗೆ ಎಂಬಾತ, ಸಿಡಿಲಿನಿಂದ ತಂತಿ ಕಚೇರಿಗಳಿಗೆ ಒದಗುವ ಹಾನಿಯನ್ನು ತಪ್ಪಿಸಲು ತಂತಿಯ ಮಾರ್ಗದಲ್ಲಿ ಒಂದು ತೆಳುವಾದ ತುಂಡನ್ನು ಸೇರಿಸಬೇಕೆಂದು ಸೂಚಿಸಿದ್ದನು. ಈ ಉಪಾಯದ ಹಿಂದಿರುವ ತತ್ತ್ವ ಸರಳವಾದುದು. ತಂತಿಯಲ್ಲಿ ಹುಟ್ಟುವ ಶಾಖ ಅದರಲ್ಲಿ ಹರಿಯುವ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಪ್ರವಾಹ ೧೦೦ ಪಟ್ಟಾದರೆ ಶಾಖ ೧೦,೦೦೦ ಪಟ್ಟು. ಎರಡು ತಂತಿಗಳ ಹೊದಿಕೆ ಹರಿದು ಅವು ಒಂದನ್ನೊಂದು ಮುಟ್ಟಿದಾಗ, ಅಂದರೆ ‘ಷಾರ್ಟ್ ಸರ್ಕ್ಯೂಟ್’ ಆದಾಗ, ಪ್ರವಾಹಕ್ಕೆ ತಡೆಯೇ ಇಲ್ಲದಂತಾಗಿ ಅದು ಹೀಗೆ ನೂರಾರು ಪಟ್ಟು ಏರಬಲ್ಲದು. ಆಗ ಮಂಡಲದಲ್ಲಿ ಎಲ್ಲಕ್ಕಿಂತ ತೆಳುವಾದ ಭಾಗ, ಎಂದರೆ ಫ್ಯೂಸಿನ ತಂತಿ, ಮೊದಲು ಕರಗುತ್ತದೆ.

ತಂತಿ ಕರಗಿತು, ಪ್ರವಾಹ ನಿಂತಿತು ಎಂದು ಭಾವಿಸುವುದೇ ರೂಢಿ. ವಾಸ್ತವವಾಗಿ ತಂತಿ ಕರಗಿದ ಕ್ಷಣದಲ್ಲಿ ಪ್ರವಾಹ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಓಡುತ್ತಿರುವ ಭಾರದ ಗಾಡಿಯಿಂದ ಎತ್ತುಗಳನ್ನು ಬಿಡಿಸಿದ ಮಾತ್ರಕ್ಕೆ ಗಾಡಿ ನಿಂತುಬಿಡುವುದಿಲ್ಲವಷ್ಟೆ. ವಿದ್ಯುತ್ ಪ್ರವಾಹದ ಸ್ವಭಾವವೂ ಅಂಥದೇ. ಹರಿಯುತ್ತಿರುವ ಪ್ರವಾಹ ತನ್ನ ಸುತ್ತಲೂ ಕಾಂತಕ್ಷೇತ್ರವನ್ನು ನಿರ್ಮಿಸಿಕೊಂಡು ಅದರಲ್ಲಿ ಶಕ್ತಿಯನ್ನು ಕೂಡಿಟ್ಟಿರುತ್ತದೆ. ತಂತಿಯಲ್ಲಿ ಬಿರುಕು ಬಿಟ್ಟೊಡನೆ ಆ ಶಕ್ತಿಯೂ ಮೂಲದ ವೋಲ್ಟೇಜೂ ಸೇರಿ ಪ್ರವಾಹವನ್ನು ಬಿರುಕಿನಾಚೆಗೆ ತಳ್ಳುತ್ತವೆ. ಕರಗಿದ ಲೋಹ ಕುದಿದು ಆವಿಯಾಗಿ ಬಿರುಕನ್ನು ತುಂಬುತ್ತದೆ. ಆವಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು, ಅನಿಲವೇ ವಿದ್ಯುದ್ವಾಹಕವಾಗಿ ಮಾರ್ಪಡುತ್ತದೆ. ಕಣ್ಣು ಕೋರೈಸುವ ಬೆಳಕಿನೊಡನೆ ಉರಿಯುವ ಈ ಅನಿಲದ ಸೇತುವೆಗೆ ವಿದ್ಯುತ್ ಚಾಪವೆಂದು ಹೆಸರು. ಚಾಪವೆಂದರೆ ಬಿಲ್ಲು. ೧೯ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಇದ್ದಿಲಿನ ಎರಡು ಕಡ್ಡಿಗಳ ನಡುವೆ ಇಂಥ ಜ್ವಾಲೆಯನ್ನು ಮೂಡಿಸಿ ತೋರಿಸಿದಾಗ, ಬಿಸಿಗಾಳಿಯ ಸೆಳೆತಕ್ಕೆ ಅದು ಬಿಲ್ಲಿನಂತೆ ಮೇಲಕ್ಕೆ ಬಾಗಿ ನಿಂತಿತ್ತು. ಹೆಸರು ಬಂದುದು ಆ ಆಕಾರದಿಂದ. ಚಾಪದ ಒಡಲಿನ ಉಷ್ಣತೆ ಹಲವು ಸಾವಿರ ಡಿಗ್ರಿಗಳಷ್ಟು. ಆ ಉಷ್ಣತೆಯಲ್ಲಿ ಘನರೂಪದಲ್ಲಿ ಉಳಿಯಬಲ್ಲ ಲೋಹ ಯಾವುದೂ ಇಲ್ಲ.

ಆದುದರಿಂದ ಫ್ಯೂಸಿನ ನಿಜವಾದ ಕೆಲಸ ಆರಂಭವಾಗುವುದು ತಂತಿ ಕರಗಿದ ಮೇಲೆ. ಕರಗುವುದು ಸುಲಭ, ಕರಗಿದ ಮೇಲೆ ಹುಟ್ಟಿದ ಚಾಪವನ್ನು ಆರಿಸುವುದು ಕಷ್ಟ.

ಮನೆಯ ಪಿಂಗಾಣಿ ಫ್ಯೂಸಿನಲ್ಲಿ ಈ ಕಷ್ಟ ಅಷ್ಟಾಗಿ ಕಾಣಿಸುವುದಿಲ್ಲ. ಅಲ್ಲಿಗೆ ಬರುವ ವಿದ್ಯುತ್ತು ಉದ್ದವಾದ ಸಣ್ಣ ತಂತಿಗಳ ಮೂಲಕ ಸಾಗಿ ಬರುವುದರಿಂದ ಷಾರ್ಟ್ ಸರ್ಕ್ಯೂಟಿನ ಪ್ರವಾಹಕ್ಕೂ ಒಂದು ಮಿತಿಯಿರುತ್ತದೆ. ಪರ್ಯಾಯ ಪ್ರವಾಹ ಸೆಕೆಂಡಿಗೆ ೧೦೦ ಬಾರಿ ಸೊನ್ನೆಗೆ ಇಳಿಯುತ್ತದೆ. ಅಂಥ ಒಂದು ಕ್ಷಣದಲ್ಲಿ ಸಣ್ಣ ಚಾಪ ಗಾಳಿಯಲ್ಲಿಯೇ ತಣಿದು ಆರುತ್ತದೆ. ಉಳಿಯುವುದು ಪಿಂಗಾಣಿಯ ಮೇಲಿನ ಒಂದಿಷ್ಟು ಮಸಿ ಮಾತ್ರ. ಆದರೆ ದೊಡ್ಡ ಟ್ರಾನ್ಸ್‌ಫಾರ್ಮರಿನ ಸಮೀಪದಲ್ಲಿರುವ ಕಾರ್ಖಾನೆಯ ಸ್ವಿಚ್ಚು ಹಲಗೆಯ ಸ್ಥಿತಿ ಬೇರೆ. ಅಲ್ಲಿ ಷಾರ್ಟ್ ಸರ್ಕ್ಯೂಟ್ ಆದರೆ ಹತ್ತಾರು ಸಾವಿರ ಆಂಪೇರ್ ಪ್ರವಾಹ ನುಗ್ಗಬಲ್ಲದು. ಅಂಥ ಪ್ರವಾಹವನ್ನು ತೆರೆದ ತಂತಿಯ ಫ್ಯೂಸು ತಡೆಯಲಾರದು. ಚಾಪ ಆರುವ ಬದಲು ಬೆಳೆಯುತ್ತದೆ, ತಿರುಪುಗಳು ಕರಗುತ್ತವೆ, ಲೋಹದ ಆವಿ ಹೊರಕ್ಕೆ ಹರಡಿ ಅಕ್ಕಪಕ್ಕದ ವಾಹಕಗಳ ನಡುವೆ ಹೊಸ ಚಾಪಗಳು ಹುಟ್ಟುತ್ತವೆ. ಹಲಗೆಯ ಮುಂದೆ ನಿಂತ ಕೆಲಸಗಾರನ ಮುಖ, ಕೈ, ಕಣ್ಣುಗಳು ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು; ಪ್ರಾಣವೇ ಹೋಗಬಹುದು. ಚಾಪವನ್ನು ಹೊರಗೆ ಬಿಡಬಾರದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೊರಗೆ ಬಿಡಬಾರದೆಂದರೆ ಮುಚ್ಚಿಡಬೇಕು. ಆದರೆ ಬರಿದಾದ ಒಂದು ಕೊಳವೆಯಲ್ಲಿ ತಂತಿಯನ್ನಿಟ್ಟು ಎರಡೂ ಬದಿ ಭದ್ರವಾಗಿ ಮುಚ್ಚಿದರೆ ಮತ್ತೊಂದು ಅಪಾಯ ಎದುರಾಗುತ್ತದೆ. ಅದೇ ಒತ್ತಡ. ಬೆಳ್ಳಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಬೆಳ್ಳಿ ೯೬೨ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಸುಮಾರು ೨,೧೬೦ ಡಿಗ್ರಿಯಲ್ಲಿ ಕುದಿಯುತ್ತದೆ. ೧೦೮ ಗ್ರಾಂ ಬೆಳ್ಳಿ ಘನರೂಪದಲ್ಲಿ ಹತ್ತು ಘನ ಸೆಂಟಿಮೀಟರುಗಳಿಗಿಂತ ತುಸು ಹೆಚ್ಚು ಜಾಗವನ್ನು ಮಾತ್ರ ಹಿಡಿಸುತ್ತದೆ. ಅಷ್ಟೇ ಬೆಳ್ಳಿ ಕುದಿಯುವ ಉಷ್ಣತೆಯಲ್ಲಿ, ವಾಯುಮಂಡಲದ ಒತ್ತಡದಲ್ಲಿ, ಆವಿಯಾದರೆ ಅದಕ್ಕೆ ಬೇಕಾಗುವ ಜಾಗ ಸುಮಾರು ೨೦೦ ಲೀಟರು. ಎಂದರೆ ಹಿಗ್ಗುವಿಕೆ ಸುಮಾರು ೧೯,೦೦೦ ಪಟ್ಟು! ಚಾಪದ ಉಷ್ಣತೆ ಇನ್ನೂ ಹೆಚ್ಚಾದುದರಿಂದ ಹಿಗ್ಗುವಿಕೆಯೂ ಇನ್ನೂ ಹೆಚ್ಚು. ಫ್ಯೂಸಿನ ಪಟ್ಟಿಯಲ್ಲಿ ಆವಿಯಾಗುವ ಲೋಹ ಅತ್ಯಲ್ಪವೇ ಆದರೂ, ಅದು ಆವಿಯಾಗುವುದು ಸೆಕೆಂಡಿನ ಸಾವಿರದಲ್ಲೊಂದೆರಡು ಪಾಲಿನಷ್ಟು ಕಾಲದಲ್ಲಿ. ಹಿಗ್ಗಲು ಎಡೆಯಿಲ್ಲದ ಆವಿ ಕೊಳವೆಯ ಗೋಡೆಗಳನ್ನು ಒದೆಯುತ್ತದೆ. ಕೊಳವೆ ಸಿಡಿಮದ್ದಿನಂತೆ ಒಡೆದು ಚೂರುಚೂರಾಗುತ್ತದೆ.

ಹೀಗೆ ಒಂದಕ್ಕೊಂದು ವಿರುದ್ಧವಾದ ಎರಡು ಬೇಡಿಕೆಗಳು ಎದುರಾದುವು. ಚಾಪವನ್ನು ಭದ್ರವಾಗಿ ಮುಚ್ಚಿಡಬೇಕು. ಅದೇ ವೇಳೆಯಲ್ಲಿ ಅದರ ಆವಿಗೆ ಹಿಗ್ಗಲು ಎಡೆಯನ್ನೂ ಕೊಡಬೇಕು. ಈ ತೊಡಕನ್ನು ಬಿಡಿಸುವ ದಾರಿಯನ್ನು ೧೮೯೦ರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಎಂ. ಮಾರ್ಡೆ ಎಂಬ ಎಂಜಿನಿಯರು ತೋರಿಸಿದನು. ಆತ ಪೇಟೆಂಟು ಪಡೆದ ಫ್ಯೂಸಿನಲ್ಲಿ ಗಾಜಿನ ಕೊಳವೆಯ ನಡುವೆ ತಾಮ್ರದ ತಂತಿಯನ್ನು ಹಾಯಿಸಿ, ಸುತ್ತಲಿನ ಎಡೆಯನ್ನು ವಿದ್ಯುತ್ತನ್ನು ಸರಿಯಾಗಿ ಹರಿಯಬಿಡದ ಪುಡಿಯಿಂದ ತುಂಬಲಾಗಿತ್ತು. ಸೀಮೆಸುಣ್ಣ, ಅಮೃತಶಿಲೆ, ಮರಳು, ಅಭ್ರಕ ಮೊದಲಾದುವುಗಳ ಪುಡಿ ಇದಕ್ಕೆ ಒದಗುವುದೆಂದು ಆತ ಸೂಚಿಸಿದ್ದನು. ಮುಂದಿನ ಅನುಭವದಲ್ಲಿ ಇವುಗಳೊಳಗೆ ಎಲ್ಲಕ್ಕೂ ಮೇಲಾದುದೆಂದು ಸಿದ್ಧವಾದುದು ಬೆಣಚುಕಲ್ಲಿನ ಮರಳು.

ಇಂದಿನ ಎಚ್.ಆರ್.ಸಿ. ಫ್ಯೂಸು ಈ ಕಲ್ಪನೆಯ ಪಕ್ವ ರೂಪ. ಅದರೊಳಗೆ ತಂತಿಗೆ ಬದಲಾಗಿ ಬೆಳ್ಳಿಯ ಅಥವಾ ತಾಮ್ರದ ತೆಳು ಪಟ್ಟಿಗಳಿರುತ್ತವೆ. ಪಟ್ಟಿಯ ಉದ್ದಕ್ಕೂ ಅಲ್ಲಲ್ಲಿ ರಂಧ್ರಗಳನ್ನು ಕೊರೆದು ಅಥವಾ ಅಂಚುಗಳನ್ನು ಕತ್ತರಿಸಿ, ಅದನ್ನು ಕಿರಿದುಗೊಳಿಸಿರುತ್ತಾರೆ. ಈ ಕಿರಿದಾದ ಸ್ಥಳಗಳನ್ನು ಕೊರಳುಗಳೆನ್ನಬಹುದು. ಪಟ್ಟಿಯ ಸುತ್ತ ಮರಳನ್ನು ಸುರಿದು, ಕೊಳವೆಯನ್ನು ಚೆನ್ನಾಗಿ ಅಲುಗಾಡಿಸಿ, ಕಾಳುಗಳು ಒತ್ತಾಗಿ ಕೂರುವಂತೆ ಮಾಡಿ ಮುಚ್ಚಳವನ್ನು ಬಿಗಿಯುತ್ತಾರೆ.

ಇಂಥ ಫ್ಯೂಸಿನ ಮುಂದೆ ಷಾರ್ಟ್ ಸರ್ಕ್ಯೂಟ್ ಆದಾಗ ನಡೆಯುವ ವ್ಯಾಪಾರ ಅತ್ಯಂತ ವೇಗವಾದುದು. ೫೦ ಆವರ್ತಗಳ ಪರ್ಯಾಯ ಪ್ರವಾಹ ಸೊನ್ನೆಯಿಂದ ತನ್ನ ತುದಿಯನ್ನು ಮುಟ್ಟಲು ಸೆಕೆಂಡಿನ ಸಾವಿರದಲ್ಲಿ ಐದು ಪಾಲು ಕಾಲ ಬೇಕು. ಅಷ್ಟರೊಳಗಾಗಿಯೇ ಪಟ್ಟಿಯ ಕೊರಳುಗಳೆಲ್ಲವೂ ಬಹುಮಟ್ಟಿಗೆ ಒಟ್ಟಿಗೆ ಕರಗುತ್ತವೆ. ಪ್ರತಿಯೊಂದು ಕೊರಳಿನಲ್ಲಿಯೂ ಒಂದೊಂದು ಕಿರಿದಾದ ಚಾಪ ಹುಟ್ಟುತ್ತದೆ. ಲೋಹದ ಆವಿ ಥಟ್ಟನೆ ಹಿಗ್ಗಿ ಒತ್ತಡ ಮೇಲೇರುತ್ತದೆ. ಆದರೆ ಈಗ ಆ ಆವಿಯ ಸುತ್ತ ಇರುವುದು ಗೋಡೆಯಲ್ಲ, ಮರಳು. ಒತ್ತಾಗಿ ಕೂತ ಮರಳಿನಲ್ಲಿಯೂ ಕಾಳುಗಳ ನಡುವಣ ಸಂದುಗಳು ಒಟ್ಟು ಗಾತ್ರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗಿರುತ್ತವೆ. ಆವಿ ಈ ಸಂದುಗೊಂದುಗಳೊಳಗೆ ನುಗ್ಗುತ್ತದೆ. ನುಗ್ಗಿದ ಆವಿ ತಣ್ಣನೆಯ ಕಾಳುಗಳನ್ನು ಮುಟ್ಟಿದೊಡನೆ ಶಾಖವನ್ನು ಕಳೆದುಕೊಂಡು ಮತ್ತೆ ಲೋಹದ ಹನಿಗಳಾಗಿ ಅವುಗಳ ಮೇಲೆ ಕೂರುತ್ತದೆ. ಆವಿ ಹನಿಯಾದೊಡನೆ ಅದರ ಗಾತ್ರ ಇಲ್ಲವೆನ್ನುವಷ್ಟಕ್ಕೆ ಕುಗ್ಗುತ್ತದೆ, ಒತ್ತಡವೂ ಇಳಿಯುತ್ತದೆ. ಹೊರಗಿನ ಪಿಂಗಾಣಿಗೆ ತಲಪುವುದು ಚಾಪದ ಬಳಿಯ ಒತ್ತಡದ ಒಂದು ಸಣ್ಣ ಅಂಶ ಮಾತ್ರ.

ಮರಳಿಗೆ ಈ ಸಾಮರ್ಥ್ಯ ಹೇಗೆ ಬಂತು? ಅದು ಕಾಳುಕಾಳಾಗಿರುವುದೇ ಇದಕ್ಕೆ ಕಾರಣ. ಒಂದು ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು ದಪ್ಪದ ದುಂಡು ಕಾಳುಗಳೆಂದು ಇಟ್ಟುಕೊಂಡರೆ, ಒಂದು ಘನ ಸೆಂಟಿಮೀಟರ್ ಮರಳಿನಲ್ಲಿ ಅಂಥ ಸುಮಾರು ೪೪,೦೦೦ ಕಾಳುಗಳಿರುತ್ತವೆ. ಅವೆಲ್ಲದರ ಮೇಲ್ಮೈಯನ್ನು ಕೂಡಿಸಿದರೆ ಸುಮಾರು ೧೨೪ ಚದರ ಸೆಂಟಿಮೀಟರು. ಎಂದರೆ ಒಂದು ಚಿಟಿಕೆಯಷ್ಟು ಮರಳಿನಲ್ಲಿ ಅಂಚೆಕಾರ್ಡಿನ ಒಂದು ಮುಖದಷ್ಟು ವಿಸ್ತಾರವಾದ ತಣ್ಣನೆಯ ಮೈ ಅಡಗಿರುತ್ತದೆ. ಅದೇ ಗಾತ್ರದ ಒಂದೇ ಕಲ್ಲನ್ನು ಅಲ್ಲಿ ಇಟ್ಟಿದ್ದರೆ ಅದರ ಮೇಲ್ಮೈ ಹೆಚ್ಚೆಂದರೆ ಆರು ಚದರ ಸೆಂಟಿಮೀಟರು. ಇದಲ್ಲದೆ ಬೆಣಚುಕಲ್ಲಿನ ಮರಳು ಕರಗಲು ಸುಮಾರು ೧,೭೦೦ ಡಿಗ್ರಿ ಸೆಲ್ಸಿಯಸ್ ಬೇಕು. ಚಾಪದ ಅಂಚಿನಲ್ಲಿರುವ ಕಾಳುಗಳು ಆ ಉಷ್ಣತೆಗೆ ಏರುವಾಗಲೂ ಕರಗುವಾಗಲೂ ಅಪಾರವಾದ ಶಾಖವನ್ನು ಹೀರಿಕೊಳ್ಳುತ್ತವೆ. ಚಾಪದ ಶಕ್ತಿಯ ಬಹುಭಾಗ ವ್ಯಯವಾಗುವುದು ಈ ಕೆಲಸಕ್ಕೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಒತ್ತಡವನ್ನು ಬರಿಯ ಶತ್ರುವೆಂದು ಎಣಿಸುವುದು ಸರಿಯಲ್ಲ. ಮರಳಿನ ನಡುವೆ ಇಕ್ಕಟ್ಟಾದ ದಾರಿಯಲ್ಲಿ ಸಿಕ್ಕಿಕೊಂಡು, ಒತ್ತಡಕ್ಕೆ ಒಳಗಾಗಿ, ಎಲ್ಲ ಕಡೆಯಿಂದಲೂ ಶಾಖವನ್ನು ಕಳೆದುಕೊಳ್ಳುವ ಚಾಪ ಉರಿಯುತ್ತಿರಬೇಕಾದರೆ ಅದಕ್ಕೆ ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ಬಯಲಿನಲ್ಲಿ ಉರಿಯುವ ಅದೇ ಉದ್ದದ ಚಾಪಕ್ಕೆ ಇಷ್ಟು ಬೇಡ. ಕೊರಳುಗಳು ಒಂದರ ಮುಂದೊಂದು ಇರುವುದರಿಂದ ಪ್ರತಿಯೊಂದು ಚಾಪಕ್ಕೆ ಬೇಕಾದ ವೋಲ್ಟೇಜೂ ಕೂಡುತ್ತ ಹೋಗುತ್ತದೆ. ಚಾಪದ ಬಾಯಿಗೆ ಸಿಕ್ಕಿ ಪಟ್ಟಿ ಸವೆಯುತ್ತ ಬಂದಂತೆ ಚಾಪಗಳ ಉದ್ದವೂ ಬೆಳೆಯುತ್ತದೆ. ಇವೆಲ್ಲದರ ಮೊತ್ತ ಮೂಲದ ವೋಲ್ಟೇಜನ್ನು ಮೀರಿದ ಕ್ಷಣದಿಂದ ಪ್ರವಾಹ ಏರುವುದನ್ನು ಬಿಟ್ಟು ಇಳಿಯತೊಡಗುತ್ತದೆ. ಓಡುವ ಗಾಡಿಯ ಚಕ್ರಕ್ಕೆ ಒತ್ತಿದ ಮರದ ದಿಮ್ಮಿ ಉಜ್ಜಿ ಬಿಸಿಯಾಗುತ್ತ ವೇಗವನ್ನು ತಗ್ಗಿಸುವಂತೆ, ಚಾಪವು ಕಾಂತಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿ ಮರಳಿಗೆ ಒಪ್ಪಿಸುತ್ತದೆ. ಯಾವ ಚಾಪ ಅಪಾಯದ ಮೂಲವಾಗಿತ್ತೋ ಅದೇ ಚಾಪ ಮರಳಿನೊಳಗೆ ಪ್ರವಾಹವನ್ನು ತಡೆಯುವ ಸಾಧನವಾಗುತ್ತದೆ.

ಇದರ ಫಲ ಮಹತ್ತರವಾದುದು. ಷಾರ್ಟ್ ಸರ್ಕ್ಯೂಟಿನ ಪ್ರವಾಹ ತಾನು ಏರಬಹುದಾಗಿದ್ದ ಎತ್ತರವನ್ನು ಮುಟ್ಟುವುದೇ ಇಲ್ಲ. ನಡುದಾರಿಯಲ್ಲಿಯೇ ಅದನ್ನು ಕತ್ತರಿಸಿದಂತಾಗುತ್ತದೆ. ಸಮೀಪದಲ್ಲಿರುವ ಎರಡು ವಾಹಕಗಳಲ್ಲಿ ಪ್ರವಾಹ ಹರಿದಾಗ ಅವುಗಳ ನಡುವೆ ಉಂಟಾಗುವ ಬಲವೂ ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಆದುದರಿಂದ ಪ್ರವಾಹವನ್ನು ಐದರಲ್ಲೊಂದು ಪಾಲಿನಲ್ಲಿಯೇ ತಡೆದರೆ ತಂತಿಗಳನ್ನೂ ಸುರುಳಿಗಳನ್ನೂ ಕಿತ್ತೆಸೆಯುವ ಬಲ ಇಪ್ಪತ್ತೈದರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಾಗೆಂದು ಪ್ರವಾಹವನ್ನು ಮನಬಂದಷ್ಟು ಬೇಗ ಕತ್ತರಿಸುವುದೂ ತರವಲ್ಲ. ರಭಸದಿಂದ ಹರಿಯುವ ನೀರಿನ ಕೊಳಾಯಿಯನ್ನು ಒಮ್ಮೆಲೇ ಮುಚ್ಚಿದರೆ ಕೊಳವೆಯೆಲ್ಲ ಅದಿರುತ್ತದೆ. ಹಾಗೆಯೇ ಚಾಪದ ವೋಲ್ಟೇಜು ಅತಿಯಾಗಿ ಏರಿದರೆ ಮಂಡಲದ ಇತರ ಉಪಕರಣಗಳ ಅವಾಹಕ ಹೊದಿಕೆ ಛಿದ್ರವಾಗುತ್ತದೆ. ಪಟ್ಟಿಗೆ ಎಷ್ಟು ಕೊರಳುಗಳಿರಬೇಕು, ಅವು ಎಷ್ಟು ಕಿರಿದಾಗಿರಬೇಕು ಎಂಬುದನ್ನು ನಿರ್ಧರಿಸುವಾಗ ತಜ್ಞರು ಈ ಎರಡು ಅಂಚುಗಳ ನಡುವಣ ಹದವನ್ನು ಕಂಡುಕೊಳ್ಳಬೇಕು.

ಕೆಲಸ ಮುಗಿಸಿದ ಫ್ಯೂಸನ್ನು ಪ್ರಯೋಗಶಾಲೆಯಲ್ಲಿ ಒಡೆದು ನೋಡಿದಾಗ ಪಟ್ಟಿಯಿದ್ದ ಕಡೆ ಒರಟಾದ, ಗಾಜಿನಂಥ ಒಂದು ಗಟ್ಟಿ ಕಂಡುಬರುತ್ತದೆ. ಅದು ಚಾಪದ ಶಾಖಕ್ಕೆ ಕರಗಿ ಒಂದಕ್ಕೊಂದು ಅಂಟಿಕೊಂಡ ಮರಳು. ಅದರೊಳಗೆ ಲೋಹದ ಸೂಕ್ಷ್ಮ ಕಣಗಳು ಚದರಿಕೊಂಡಿರುತ್ತವೆ. ಮರಳುಗಾಡುಗಳಲ್ಲಿಯೂ ಕಡಲತೀರಗಳಲ್ಲಿಯೂ ಸಿಡಿಲು ಬಡಿದಾಗ ಮರಳು ಇದೇ ರೀತಿ ಕರಗಿ, ಒಳಗೆ ಟೊಳ್ಳಾದ ಗಾಜಿನ ಬೇರುಗಳಂತಾಗುತ್ತದೆ. ಅದಕ್ಕೆ ಫಲ್ಗುರೈಟ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ಫಲ್ಗುರ್’ ಎಂದರೆ ಮಿಂಚು. ಫ್ಯೂಸಿನೊಳಗಿನ ಗಟ್ಟಿಯನ್ನೂ ತಜ್ಞರು ಅದೇ ಹೆಸರಿನಿಂದ ಕರೆಯುತ್ತಾರೆ. ಬಿಸಿಯಾಗಿರುವಾಗ ಈ ಗಟ್ಟಿ ಅಷ್ಟಿಷ್ಟು ವಿದ್ಯುತ್ತನ್ನು ಹರಿಯಬಿಡುತ್ತದೆ. ತಣಿದಂತೆಲ್ಲ ಅದು ಒಳ್ಳೆಯ ಅವಾಹಕವಾಗಿ, ಪ್ರವಾಹ ಮತ್ತೆ ತಲೆಯೆತ್ತದಂತೆ ದಾರಿಯನ್ನು ಮುಚ್ಚುತ್ತದೆ.

ಹೀಗಿರುವುದರಿಂದ ಯಾವ ಮರಳಾದರೂ ಆದೀತು ಎನ್ನುವಂತಿಲ್ಲ. ಕಾಳು ಬಹಳ ನುಣುಪಾದರೆ ಸಂದುಗಳು ಕಿರಿದಾಗಿ ಆವಿಗೆ ನುಸುಳಲು ದಾರಿ ಸಾಲದು. ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಕಾಳು ಬಹಳ ದಪ್ಪವಾದರೆ ಸಂದುಗಳು ದೊಡ್ಡದಾಗಿ ಚಾಪ ಹರಡಿಕೊಳ್ಳುತ್ತದೆ. ತಣಿಸುವ ಮೇಲ್ಮೈಯೂ ಕಡಿಮೆಯಾಗುತ್ತದೆ. ಮರಳು ಸಡಿಲವಾಗಿ ಕೂತಿದ್ದರೆ ಚಾಪ ಅದನ್ನು ಬದಿಗೆ ತಳ್ಳಿ ತನಗೆ ಬೇಕಾದಷ್ಟು ಜಾಗ ಮಾಡಿಕೊಳ್ಳುತ್ತದೆ. ಮರಳಿನಲ್ಲಿ ತೇವವಿದ್ದರೆ ಆ ನೀರು ಉಗಿಯಾಗಿ ಒತ್ತಡವನ್ನು ಹೆಚ್ಚಿಸುತ್ತದೆ. ಕಬ್ಬಿಣದ ಅಂಶವೋ ಮಣ್ಣಿನ ಅಂಶವೋ ಬೆರೆತಿದ್ದರೆ ಬಿಸಿ ಗಟ್ಟಿ ವಿದ್ಯುತ್ತನ್ನು ಹೆಚ್ಚಾಗಿ ಹರಿಯಬಿಡುತ್ತದೆ. ಆದ್ದರಿಂದಲೇ ಫ್ಯೂಸಿಗೆ ಬಳಸುವ ಮರಳನ್ನು ತೊಳೆದು, ಒಣಗಿಸಿ, ಜರಡಿ ಹಿಡಿದು, ಒಂದೇ ಅಳತೆಯ ಕಾಳುಗಳನ್ನು ಆರಿಸುತ್ತಾರೆ. ಹೊಳೆಯ ದಡದಲ್ಲಿ ಬೆಲೆಯಿಲ್ಲದೆ ಬಿದ್ದಿರುವ ವಸ್ತುವೇ ಇಲ್ಲಿ ಇಷ್ಟು ಪರೀಕ್ಷೆಗಳನ್ನು ದಾಟಬೇಕಾಗುತ್ತದೆ.

ಭಾರಿ ಪ್ರವಾಹಕ್ಕಿಂತ ಕೆಲವೊಮ್ಮೆ ಅಲ್ಪ ಪ್ರಮಾಣದ ಹೆಚ್ಚಳವೇ ಫ್ಯೂಸಿಗೆ ಕಠಿಣ ಪರೀಕ್ಷೆಯಾಗುತ್ತದೆ. ಪ್ರವಾಹ ಮಿತಿಯನ್ನು ತುಸುವೇ ಮೀರಿದಾಗ ಪಟ್ಟಿ ನಿಮಿಷಗಟ್ಟಲೆ, ಗಂಟೆಗಟ್ಟಲೆ ಕಾಯುತ್ತ ಹೋಗುತ್ತದೆ. ಬೆಳ್ಳಿ ಕರಗುವ ಉಷ್ಣತೆಗೆ ಅದು ಏರುವಷ್ಟರಲ್ಲಿ ಕೊಳವೆ, ಮುಚ್ಚಳ, ಸುತ್ತಣ ಹಿಡಿಕೆಗಳೆಲ್ಲ ವಿಪರೀತವಾಗಿ ಬಿಸಿಯಾಗುತ್ತವೆ. ಇದಕ್ಕೆ ಪರಿಹಾರವಾದ ಒಂದು ಸಂಗತಿಯನ್ನು ಎ. ಡಬ್ಲ್ಯು. ಮೆಟ್‌ಕಾಫ್ ಎಂಬಾತ ೧೯೩೯ರಲ್ಲಿ ವಿವರಿಸಿದನು. ಪಟ್ಟಿಯ ನಡುವೆ ತವರದ ಒಂದು ಬೊಟ್ಟನ್ನು ಇಟ್ಟರೆ, ಅದು ೨೩೨ ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗಿ, ತನ್ನಡಿಯ ಬೆಳ್ಳಿಯನ್ನೋ ತಾಮ್ರವನ್ನೋ ಮೆಲ್ಲಮೆಲ್ಲನೆ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಪಟ್ಟಿ ತನ್ನ ದ್ರವನಬಿಂದುವನ್ನು ಮುಟ್ಟುವ ಬಹಳ ಮೊದಲೇ ಅಲ್ಲಿ ತುಂಡಾಗುತ್ತದೆ. ಬಳಿಕ ಹುಟ್ಟುವ ಒಂಟಿ ಚಾಪ ಪಟ್ಟಿಯನ್ನು ಎರಡು ಕಡೆಗೂ ಸವೆಸುತ್ತ ಉದ್ದವಾಗಿ, ಮರಳಿನ ತಂಪಿನಲ್ಲಿ ಆರುತ್ತದೆ.

ಈ ವಿವರಗಳನ್ನು ಅರಿತವರಿಗೆ ಫ್ಯೂಸಿನ ವಿಷಯದಲ್ಲಿ ಪಾಲಿಸಬೇಕಾದ ನಿಯಮಗಳು ಬರಿಯ ಕಟ್ಟಳೆಗಳಾಗಿ ತೋರುವುದಿಲ್ಲ. ಹೋದ ಫ್ಯೂಸಿನ ಜಾಗದಲ್ಲಿ ಕೈಗೆ ಸಿಕ್ಕಿದ ತಾಮ್ರದ ದಪ್ಪ ತಂತಿಯನ್ನು ಸುತ್ತುವುದು ಹಲವೆಡೆ ಕಂಡುಬರುವ ಅಭ್ಯಾಸ. ಹಾಗೆ ಮಾಡಿದವರು ಕರಗಬೇಕಾದುದನ್ನು ಕರಗದಂತೆ ಮಾಡುತ್ತಾರೆ. ಕರಗಿದರೂ ಆ ಚಾಪವನ್ನು ಹಿಡಿದಿಡಲು ಅಲ್ಲಿ ಮರಳೂ ಇಲ್ಲ, ಗೋಡೆಯೂ ಇಲ್ಲ. ಸುಟ್ಟ ಕೊಳವೆಯನ್ನು ಬಿಚ್ಚಿ ಹೊಸ ತಂತಿ ಹಾಯಿಸಿ ಯಾವುದೋ ಮರಳನ್ನು ತುಂಬುವುದೂ ಅಷ್ಟೇ ಅಪಾಯಕರ. ಎಚ್.ಆರ್.ಸಿ. ಫ್ಯೂಸಿನ ಮೈಮೇಲೆ ಎರಡು ಅಂಕಿಗಳು ಮುಖ್ಯವಾಗಿ ಕಾಣುತ್ತವೆ. ಒಂದು, ಅದು ಸದಾ ಹೊರಬಲ್ಲ ಪ್ರವಾಹ. ಇನ್ನೊಂದು, ಸಿಡಿಯದೆ ತಡೆಯಬಲ್ಲ ಪ್ರವಾಹ. ಎರಡನೆಯದು ‘೮೦ ಕಿಲೋ ಆಂಪೇರ್’ ಎಂದಿದ್ದರೆ, ೮೦,೦೦೦ ಆಂಪೇರ್ ನುಗ್ಗಬಲ್ಲ ಸ್ಥಳದಲ್ಲಿಯೂ ಆ ಚಾಪವನ್ನು ತನ್ನ ಒಡಲಿನಲ್ಲಿಯೇ ಆರಿಸುವೆನೆಂಬ ಭರವಸೆ ಅದು. ಅಳತೆ ತಿಳಿದು ತುಂಬಿದ ಮರಳು ಇಲ್ಲದಿದ್ದರೆ ಆ ಭರವಸೆಯೂ ಇಲ್ಲ.

ತಂತಿ ಕರಗಿದ ಕ್ಷಣದಿಂದ ಚಾಪ ಆರುವವರೆಗಿನ ಕಾಲ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಅಷ್ಟರಲ್ಲಿ ಒಂದು ಪುಟ್ಟ ಕೊಳವೆಯೊಳಗೆ ಲೋಹ ಕುದಿಯುತ್ತದೆ, ಕಲ್ಲು ಕರಗುತ್ತದೆ, ಒತ್ತಡ ಏರಿ ಇಳಿಯುತ್ತದೆ. ಹೊರಗೆ ನಿಂತವರಿಗೆ ಜ್ವಾಲೆ ಕಾಣಿಸುವುದಿಲ್ಲ. ದೀಪ ಆರಿತು, ಯಂತ್ರ ನಿಂತಿತು ಎಂಬುದಷ್ಟೇ ತಿಳಿಯುತ್ತದೆ. ಅವರಿಗೆ ಇನ್ನೇನೂ ತಿಳಿಯದಿರುವುದೇ ಫ್ಯೂಸು ತನ್ನ ಕೆಲಸವನ್ನು ಸರಿಯಾಗಿ ಮಾಡಿತೆಂಬುದಕ್ಕೆ ಸಾಕ್ಷಿ.